ಪಿಕಪ್ ತಗ್ಗಿಸಿದ ಮೇಲೆ ಬರುವ ನಡುಕ: ಜಾಯಿಂಟ್ ಕೋನಗಳ ಟಿಪ್ಪಣಿ

ಹಿಂಬದಿಯಲ್ಲಿ ಕಮಾನು ಪಾಟಾ (ಲೀಫ್ ಸ್ಪ್ರಿಂಗ್) ಇರುವ ಪಿಕಪ್ಪನ್ನು ತಗ್ಗಿಸಿದ, ಅಂದರೆ ಅದರ ಎತ್ತರ ಕಡಿಮೆ ಮಾಡಿದ ಮೇಲೆ, ಕಾರವಾರದಿಂದ ಅಂಕೋಲಾ ಕಡೆಗೆ ಹೆದ್ದಾರಿ 66ರಲ್ಲಿ ಗಂಟೆಗೆ 70–80 ಕಿ.ಮೀ. ವೇಗ ಹಿಡಿದೊಡನೆ ಕಾಲ ಕೆಳಗೆ ಗುಂಯ್‌ಗುಡುವ ನಡುಕ ಕಾಣಿಸಿಕೊಂಡರೆ, ಬಹುತೇಕರು ಮೊದಲು ಚಕ್ರದ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಆ ಖರ್ಚಿಗೆ ಮುನ್ನ ನಡುಕದ ವೇಗವನ್ನು ಲೆಕ್ಕ ಹಾಕುವುದು ಒಳ್ಳೆಯದು. ಟೈರಿನ ಸುತ್ತಳತೆ 2.2 ಮೀಟರ್, ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲ್‌ನ ಗೇರ್ ಜೋಡಿ; ಶಾಫ್ಟಿಗೆ ಕೂಡುವ ಚಿಕ್ಕ ಗೇರೇ ಪಿನಿಯನ್) ಅನುಪಾತ 4.1 ಎಂದುಕೊಂಡರೆ, 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸುಮಾರು 41 ಸುತ್ತು ತಿರುಗುತ್ತದೆ. ಚಕ್ರದ ದೋಷವಾದರೆ ಸೆಕೆಂಡಿಗೆ 10 ಸಲ, ಶಾಫ್ಟಿನ ತೂಕದ ದೋಷವಾದರೆ 41 ಸಲ, ಶಾಫ್ಟಿನ ತುದಿಗಳಲ್ಲಿರುವ ಬಾಗುವ ಕೂಡಿಕೆಯ, ಅಂದರೆ ಯೂನಿವರ್ಸಲ್ ಜಾಯಿಂಟಿನ ಕೋನದ ದೋಷವಾದರೆ ಅದರ ಎರಡರಷ್ಟು, ಅಂದರೆ ಸುಮಾರು 82 ಸಲ ಅದುರುತ್ತದೆ. ಮೊದಲನೆಯದು ಕೈಗೆ ಕುಲುಕಾಟವಾಗಿ ತಿಳಿಯುತ್ತದೆ. ಕೊನೆಯದು ಕಿವಿಗೆ ಗುಂಯ್‌ಕಾರವಾಗಿ ಕೇಳಿಸುತ್ತದೆ, ಮತ್ತು ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಇರುತ್ತದೆ. ಈ ಪರೀಕ್ಷೆಯನ್ನು ಸಮತಟ್ಟಾದ ನೇರ ರಸ್ತೆಯಲ್ಲಿ ಮಾತ್ರ ಮಾಡಬೇಕು. ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ನೋಡುವುದು ಜೀವಕ್ಕೆ ಅಪಾಯ.

ಎರಡರಷ್ಟು ಏಕೆಂದರೆ, ಕೋನದಲ್ಲಿ ತಿರುಗುವ ಯೂನಿವರ್ಸಲ್ ಜಾಯಿಂಟ್ ತನ್ನ ಆಚೆಗಿನ ಶಾಫ್ಟನ್ನು ಒಂದೇ ವೇಗದಲ್ಲಿ ತಿರುಗಿಸುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಮುಂದಕ್ಕೆ ತಳ್ಳಿ, ಎರಡು ಸಲ ಹಿಂದಕ್ಕೆ ಎಳೆಯುತ್ತದೆ. ಈ ಏರಿಳಿತ 3 ಡಿಗ್ರಿಯಲ್ಲಿ ಶೇಕಡಾ 0.14ರಷ್ಟಿದ್ದರೆ 6 ಡಿಗ್ರಿಯಲ್ಲಿ ಶೇಕಡಾ 0.55ರಷ್ಟಾಗುತ್ತದೆ. ಕೋನ ಎರಡು ಪಟ್ಟಾದರೆ ದೋಷ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮರೆಯಬಾರದು. ಶಾಫ್ಟಿನ ಎರಡೂ ತುದಿಯಲ್ಲಿ ಜಾಯಿಂಟನ್ನು ಹಿಡಿಯುವ ಕವೆಗಳಾದ ಯೋಕ್‌ಗಳು ಒಂದೇ ಗೆರೆಯಲ್ಲಿದ್ದು ಎರಡೂ ಜಾಯಿಂಟ್‌ಗಳ ಕೋನ ಸಮವಾಗಿದ್ದರೆ, ಮುಂದಿನದು ಹುಟ್ಟಿಸಿದ ಏರಿಳಿತವನ್ನು ಹಿಂದಿನದು ಅಳಿಸಿಹಾಕುತ್ತದೆ. ಆದ್ದರಿಂದ ಶಾಫ್ಟ್ ಬಿಚ್ಚುವ ಮುನ್ನ ಎರಡೂ ಕಡೆ ಬಣ್ಣದ ಗುರುತು ಹಾಕಿಕೊಳ್ಳಬೇಕು.

ಇಳಿಜಾರು ಬೇರೆ, ಜಾಯಿಂಟಿನ ಕೋನ ಬೇರೆ

ನನಗೆ ಅರ್ಥವಾಗಲು ಅತಿ ಹೆಚ್ಚು ಸಮಯ ಹಿಡಿದದ್ದು ಈ ಹೆಜ್ಜೆಯಾದ್ದರಿಂದ ಇದನ್ನು ವಿಸ್ತಾರವಾಗಿಯೇ ಬರೆಯುತ್ತೇನೆ. ಕೋನಮಾಪಕವನ್ನು ಪಿನಿಯನ್ ಮೇಲಿಟ್ಟಾಗ ಬರುವ ಅಂಕಿ ಅದರ ಇಳಿಜಾರು ಮಾತ್ರ. ಜಾಯಿಂಟಿಗೆ ಆ ಅಂಕಿಯ ಪರಿವೆಯೇ ಇಲ್ಲ. ಜಾಯಿಂಟ್ ಅನುಭವಿಸುವುದು ತಾನು ಕೂಡಿಸುವ ಎರಡು ಭಾಗಗಳ ಇಳಿಜಾರುಗಳ ವ್ಯತ್ಯಾಸವನ್ನು. ಹಾಗಾಗಿ ಗೇರ್‌ಬಾಕ್ಸಿನ ಹೊರಶಾಫ್ಟ್, ಪ್ರೊಪೆಲ್ಲರ್ ಶಾಫ್ಟಿನ ಕೊಳವೆ ಮತ್ತು ಪಿನಿಯನ್ ಎಂಬ ಮೂರು ಇಳಿಜಾರುಗಳನ್ನು ಅಳೆದು, ಹಿಂದಕ್ಕೆ ಇಳಿಯುವುದೆಲ್ಲವನ್ನೂ ಧನ ಎಂದು ಬರೆದುಕೊಂಡು, ಅಕ್ಕಪಕ್ಕದವನ್ನು ಕಳೆಯಬೇಕು. ವ್ಯತ್ಯಾಸವಷ್ಟೇ ಬೇಕಾಗಿರುವುದರಿಂದ, ಗ್ಯಾರೇಜಿನ ನೆಲ ಮಳೆನೀರು ಹರಿಯಲೆಂದು ತುಸು ವಾಲಿದ್ದರೂ ತೊಂದರೆಯಿಲ್ಲ. ಮೂರು ಅಳತೆಗಳ ನಡುವೆ ಗಾಡಿ ಕದಲಬಾರದು, ಮತ್ತು ಅದರ ಭಾರ ಚಕ್ರಗಳ ಮೇಲೆಯೇ ಇರಬೇಕು. ಚಾಸಿಗೆ ಜಾಕ್ ಕೊಟ್ಟು ಹೌಸಿಂಗನ್ನು (ಹಿಂದಿನ ಆಕ್ಸಲ್ ಮತ್ತು ಗೇರ್‌ಗಳ ಕವಚವನ್ನು) ನೇತುಬಿಟ್ಟು ಅಳೆದರೆ ಆ ಅಂಕಿಗಳಿಗೆ ಅರ್ಥವಿಲ್ಲ.

ಒಂದೇ ತುಂಡಿನ, 1500 ಮಿ.ಮೀ. ಉದ್ದದ ಶಾಫ್ಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಗ್ಗಿಸುವ ಮೊದಲು ಚಾಸಿಗೆ ಹೋಲಿಸಿದಂತೆ ಗೇರ್‌ಬಾಕ್ಸ್ 4, ಶಾಫ್ಟ್ 7, ಪಿನಿಯನ್ 4 ಡಿಗ್ರಿ ಇದ್ದರೆ ಎರಡೂ ಜಾಯಿಂಟ್‌ಗಳ ಕೋನ 3 ಡಿಗ್ರಿ, ನಡುಕವಿಲ್ಲ. ಈಗ ಹಿಂದಿನ ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ಕೂಡಿಸುವ ಕೊಂಡಿ) ಬದಲಿಸಿ 1200 ಮಿ.ಮೀ. ಉದ್ದದ ಪಾಟಾದ ಹಿಂದಿನ ಕಣ್ಣನ್ನು (ತುದಿಯ ಸುರುಳಿಯನ್ನು) ಚಾಸಿಯತ್ತ 60 ಮಿ.ಮೀ. ಮೇಲೆ ತಂದರೆ, ನಡುವೆ ಕುಳಿತಿರುವ ಹೌಸಿಂಗ್ ಅದರ ಅರ್ಧ, ಅಂದರೆ 30 ಮಿ.ಮೀ. ಮಾತ್ರ ಮೇಲೇರುತ್ತದೆ. ಆದರೆ ಪಾಟಾ ಪೂರ್ತಿ ವಾಲುತ್ತದೆ. 1200ಕ್ಕೆ 60 ಎಂದರೆ ಸುಮಾರು 2.9 ಡಿಗ್ರಿ; ಪಿನಿಯನ್ನಿನ ಮೂತಿ ಅಷ್ಟು ಕೆಳಗೆ ಬಾಗಿ ಅದರ ಇಳಿಜಾರು 1.1ಕ್ಕೆ ಬರುತ್ತದೆ. ಶಾಫ್ಟ್ ಮಾತ್ರ 7ರಿಂದ 5.9ಕ್ಕೆ ಇಳಿಯುತ್ತದೆ. ಮುಂದಿನ ಕೋನ 1.9, ಹಿಂದಿನದು 4.8. ಗಾಡಿ ತಗ್ಗಿದ್ದಕ್ಕಿಂತ ಹೌಸಿಂಗ್ ತಿರುಗಿದ್ದೇ ಇಲ್ಲಿ ನಡುಕಕ್ಕೆ ಕಾರಣ. ಎರಡರ ವರ್ಗಗಳನ್ನು ಕಳೆದು ವರ್ಗಮೂಲ ತೆಗೆದರೆ 4.4 ಬರುತ್ತದೆ, ಅಂದರೆ ಉಳಿದ ದೋಷ 4.4 ಡಿಗ್ರಿಯ ಒಂಟಿ ಜಾಯಿಂಟಿನಷ್ಟು. ಇದು 3 ಡಿಗ್ರಿಯನ್ನು ಮೀರಬಾರದೆಂಬುದು ರೂಢಿಯ ಮಿತಿ.

ಪರಿಹಾರ, ಪಾಟಾ ಮತ್ತು ಹೌಸಿಂಗ್ ನಡುವೆ ಕೂರಿಸುವ ಉಕ್ಕಿನ ಬೆಣೆ. ಲೆಕ್ಕ 3 ಡಿಗ್ರಿಯ ಬೆಣೆ ಕೇಳುತ್ತದೆಯಾದರೂ ನಾನು 2 ಡಿಗ್ರಿಯದನ್ನೇ ಆರಿಸುತ್ತೇನೆ: ಎಂಜಿನ್ ಎಳೆಯುವಾಗ ಪಾಟಾ ತಿರುಚಿಕೊಂಡು ಪಿನಿಯನ್ ಮೂತಿ ಒಂದೆರಡು ಡಿಗ್ರಿ ಮೇಲೇಳುತ್ತದೆ. ನಿಂತಾಗ ಪಿನಿಯನ್ 3.1, ಹಿಂದಿನ ಕೋನ 2.8, ಒಂದು ಡಿಗ್ರಿ ಎದ್ದಾಗ 1.8, ಮುಂದಿನ 1.9ಕ್ಕೆ ಬಹುತೇಕ ಸಮ. ಪಾಟಾದ ಎಲೆಗಳನ್ನೇ ತೆಗೆದು ತಗ್ಗಿಸಿದ ಗಾಡಿಯಲ್ಲಿ ಈ ತಿರುಚು ಇನ್ನೂ ಹೆಚ್ಚು, ಅದಕ್ಕೇ ಆ ವಿಧಾನ ನನಗೆ ಒಪ್ಪಿಗೆಯಿಲ್ಲ.

ಬೆಣೆಯ ದಿಕ್ಕಿನ ವಿಷಯದಲ್ಲಿ ಎಚ್ಚರ ಬೇಕು. ಪಾಟಾ ಹೌಸಿಂಗಿನ ಮೇಲಿದ್ದರೆ ದಪ್ಪ ಅಂಚು ಹಿಂದಕ್ಕಿರಬೇಕು. ಆಗ ಹೌಸಿಂಗಿನ ಹಿಂಭಾಗ ಕೆಳಗೆ ಒತ್ತಲ್ಪಟ್ಟು ಮೂತಿ ಮೇಲೇಳುತ್ತದೆ. ಹೌಸಿಂಗನ್ನು ಪಾಟಾದ ಮೇಲಕ್ಕೆ ವರ್ಗಾಯಿಸಿ ತಗ್ಗಿಸಿದ್ದರೆ ಇದು ತಿರುಗುಮುರುಗು: ದಪ್ಪ ಅಂಚು ಮುಂದಕ್ಕೆ.

ಉಳಿದವು

ಎರಡು ತುಂಡಿನ ಶಾಫ್ಟ್ ಇದ್ದರೆ, ಅದನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗಿನ ಹಿಂದಿನ ಜಾಯಿಂಟ್ ಮತ್ತು ಪಿನಿಯನ್ ಜಾಯಿಂಟನ್ನು ಸಮಗೊಳಿಸಿ, ಗೇರ್‌ಬಾಕ್ಸ್ ಬಳಿಯದನ್ನು ಒಂದು ಡಿಗ್ರಿಯ ಆಸುಪಾಸಿನಲ್ಲಿಡಬೇಕು; ಬೇರಿಂಗಿನ ಬ್ರಾಕೆಟ್ಟಿಗೆ ಪಟ್ಟಿ ಕೊಟ್ಟು ಎತ್ತರ ಹೊಂದಿಸಬಹುದು. ಯಾವ ಜಾಯಿಂಟನ್ನೂ ಸೊನ್ನೆ ಡಿಗ್ರಿಗೆ ತರಬಾರದು, ಏಕೆಂದರೆ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಕುಳಿತು ಜಾಯಿಂಟಿನ ನಡುವಿನ ಕ್ರಾಸಿನ ಮೇಲೆ ಗೀರು ಕೊರೆಯುತ್ತವೆ.

ಹೌಸಿಂಗ್ ಮೇಲೇರಿದಾಗ ಶಾಫ್ಟ್ ಸಾಮಾನ್ಯವಾಗಿ ಸ್ಪ್ಲೈನಿನ (ಉದ್ದ ಹೊಂದಿಸಿಕೊಳ್ಳಲು ಶಾಫ್ಟ್ ಜಾರುವ ಹಲ್ಲು-ತೋಡಿನ ಕೂಡಿಕೆಯ) ಒಳಕ್ಕೆ ಸರಿಯುವುದರಿಂದ, ಅಲ್ಲಿ ಸುಮಾರು 25 ಮಿ.ಮೀ. ಜಾಗ ಉಳಿದಿದೆಯೇ ಎಂದು ನೋಡಬೇಕು. ಬೈತಖೋಲ ಬಂದರಿನಿಂದ ಮೀನು ಹೇರುವ ಗಾಡಿಗಳಲ್ಲಿ ಉಪ್ಪುನೀರು ಸೋರಿ ಸ್ಪ್ಲೈನ್ ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ಅಂಥಲ್ಲಿ ಕೋನ ಸರಿಪಡಿಸಿಯೂ ನಡುಕ ನಿಲ್ಲದಿರಬಹುದು. ಖಾಲಿ ಗಾಡಿಯ ಅಳತೆ ಮುಗಿದ ಬಳಿಕ, ಮೀನಿನ ಪೆಟ್ಟಿಗೆಯೋ ಶಿರಸಿಯ ಅಡಿಕೆ ಚೀಲವೋ, ಆ ಗಾಡಿ ಎಂದಿನಂತೆ ಹೊರುವ ಭಾರ ಹೇರಿ ಮತ್ತೊಮ್ಮೆ ಅಳೆಯಬೇಕು. ಭಾರಕ್ಕೆ ಹೌಸಿಂಗ್ ಇನ್ನೂ 40 ಮಿ.ಮೀ. ಏರಿದರೆ ಮೇಲಿನ ಉದಾಹರಣೆಯ ಶಾಫ್ಟ್ 4.4 ಡಿಗ್ರಿಗೆ ಬಂದು ಕೋನಗಳು 0.4 ಮತ್ತು 1.3 ಆಗುತ್ತವೆ, ಅದು ಸಹ್ಯ. ಬೆಣೆ ಹಾಕಿದಾಗ, ಪಾಟಾವನ್ನು ಹೌಸಿಂಗಿಗೆ ಬಿಗಿಯುವ ಹಳೆಯ ಯು-ಬೋಲ್ಟ್‌ಗಳನ್ನು ಮರುಬಳಸದೆ ಹೊಸವನ್ನು ಹಾಕಿ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿ ಮಾಡಬೇಕು.