ಹತ್ತು ಸಾವಿರ ಕಟ್ಟಿದರೆ ಮುಗಿಯಿತಾ?

ಸೋಮವಾರ ಬೆಳಿಗ್ಗೆ ವಕೀಲನಾದ ನನಗೆ ಬರುವ ಫೋನುಗಳಲ್ಲಿ ಒಂದಾದರೂ ಡಿಡಿ ಕೇಸಿನದ್ದಾಗಿರುತ್ತದೆ. ಡಿಡಿ ಅಂದರೆ ಡ್ರಂಕ್ ಅಂಡ್ ಡ್ರೈವ್. ಶನಿವಾರ ರಾತ್ರಿ ಕೋರಮಂಗಲದಲ್ಲೋ ಇಂದಿರಾನಗರದಲ್ಲೋ ಊದಿಸಿದ್ದಾರೆ, ಗಾಡಿ ಸ್ಟೇಷನ್ ಮುಂದೆ ನಿಂತಿದೆ, ಹತ್ತು ಗಂಟೆಗೆ ಆಫೀಸಲ್ಲಿ ಮೀಟಿಂಗ್ ಬೇರೆ ಇದೆ. ಹೆಚ್ಚಿನವರು ಕೇಳುವುದು ಒಂದೇ: "ಸರ್, ಹತ್ತು ಸಾವಿರ ಕಟ್ಟಿ ಇವತ್ತೇ ಮುಗಿಸಿಬಿಡಬಹುದಲ್ವಾ?"

ಕಟ್ಟಬಹುದು. ಆದರೆ ಅಲ್ಲಿಗೆ ಮುಗಿಯುವುದಿಲ್ಲ.

ಮೊದಲು ಒಂದು ವಿಷಯ. ಸಿಗ್ನಲ್ ಜಂಪ್, ಹೆಲ್ಮೆಟ್ ಇಲ್ಲ, ನೋ ಪಾರ್ಕಿಂಗ್ ಇವೆಲ್ಲ ಪೊಲೀಸರ ಹತ್ತಿರವೇ ದಂಡ ಕಟ್ಟಿ ಮುಗಿಸುವ ಕೇಸುಗಳು. ಕುಡಿದು ಓಡಿಸಿದ್ದು ಹಾಗಲ್ಲ. ಅದನ್ನು ರಾಜಿ ಮಾಡುವ ಅಧಿಕಾರ ಪೊಲೀಸರಿಗೆ ಇಲ್ಲ, ಕೋರ್ಟಿಗೇ ಹೋಗಬೇಕು. ನಮ್ಮೂರಲ್ಲಿ ಅಂದರೆ ಮೇಯೋ ಹಾಲ್‌ನ ಟ್ರಾಫಿಕ್ ಕೋರ್ಟಿಗೆ. 2023ರಲ್ಲಿ ಹಳೆ ಚಲನ್‌ಗಳಿಗೆ ಅರ್ಧ ರಿಯಾಯಿತಿ ಕೊಟ್ಟರಲ್ಲ, ಆಗಲೂ ಕೆಲವರು ಡಿಡಿ ನೋಟಿಸ್ ಹಿಡಿದುಕೊಂಡು ಕೇಳಿದ್ದರು. ಇದಕ್ಕೆ ಅದೆಲ್ಲ ಅನ್ವಯಿಸುವುದಿಲ್ಲ. ರಸ್ತೆಯಲ್ಲೇ "ಇಷ್ಟು ಕೊಟ್ಟು ಹೋಗಿ" ಎಂದು ಯಾರಾದರೂ ಹೇಳಿದರೆ ಅದು ದಂಡವಲ್ಲ, ಲಂಚ. ಕೊಟ್ಟರೆ ನಿಮ್ಮ ಮೇಲೆ ಇನ್ನೊಂದು ಕೇಸು.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185 ಹೇಳುವುದು ಇಷ್ಟು: 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇಟ್ಟುಕೊಂಡು ಗಾಡಿ ಓಡಿಸಿದರೆ, ಓಡಿಸಲು ಹೊರಟರೂ, ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಅಥವಾ 15,000, ಅಥವಾ ಎರಡೂ. 2019ರ ತಿದ್ದುಪಡಿಗೆ ಮುಂಚೆ ಮೊದಲ ಸಲದ ದಂಡ ಹೆಚ್ಚೆಂದರೆ ಎರಡು ಸಾವಿರ ಇತ್ತು. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮಾತ್ರ ಅದು "ಎರಡನೇ ಸಲ" ಅನ್ನಿಸಿಕೊಳ್ಳುತ್ತಿತ್ತು. ಈಗ ಆ ಮೂರು ವರ್ಷದ ಗಡಿಯೂ ಹೋಗಿದೆ. ಇವತ್ತು ಗಡಿಬಿಡಿಯಲ್ಲಿ ಒಪ್ಪಿಕೊಂಡ ಕೇಸು ಹತ್ತು ವರ್ಷ ಬಿಟ್ಟು ಎದುರಿಗೆ ಬಂದು ನಿಲ್ಲಬಹುದು.

ತಪ್ಪು ಒಪ್ಪಿಕೊಂಡು ದಂಡ ಕಟ್ಟುವುದು ಅಂದರೆ ಶಿಕ್ಷೆಗೆ ಗುರಿಯಾಗುವುದೇ. ಸುಮ್ನೆ ಚಲನ್ ಕಟ್ಟಿದ ಹಾಗಲ್ಲ. ಮುಂದೆ ಕೆಲಸದ ಅರ್ಜಿಯಲ್ಲೋ ವೀಸಾ ಅರ್ಜಿಯಲ್ಲೋ "ಯಾವುದಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯೇ" ಎಂಬ ಕಾಲಂ ಬಂದಾಗ ಇಲ್ಲ ಎಂದು ಬರೆಯಲು ಬರುವುದಿಲ್ಲ. ಜೊತೆಗೆ ಸೆಕ್ಷನ್ 20 ಇದೆ, ಅದನ್ನು ಹೆಚ್ಚಿನವರು ಕೇಳಿಯೇ ಇರುವುದಿಲ್ಲ: 185ರಲ್ಲಿ ಶಿಕ್ಷೆಯಾದವರಿಗೆ ಕನಿಷ್ಠ ಆರು ತಿಂಗಳು ಗಾಡಿ ಓಡಿಸದಂತೆ ಕೋರ್ಟ್ ಆದೇಶ ಮಾಡಬೇಕು. ಇದಲ್ಲದೆ ಪೊಲೀಸರು ಡಿಎಲ್ ತೆಗೆದುಕೊಂಡು ಆರ್‌ಟಿಒಗೆ ಕಳಿಸುತ್ತಾರೆ, ಅಲ್ಲಿ ಸೆಕ್ಷನ್ 19ರ ಕೆಳಗೆ ಬೇರೆಯೇ ವಿಚಾರಣೆ. ಆರ್‌ಟಿಒ ನೋಟಿಸ್ ಬಂದರೆ ದಯವಿಟ್ಟು ಉತ್ತರ ಕೊಡಿ. ನಿಮ್ಮ ಮಾತು ಕೇಳದೆ ಅವರು ಡಿಎಲ್ ಅಮಾನತು ಮಾಡುವ ಹಾಗಿಲ್ಲ. ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿಗೂ ಅವಕಾಶವಿದೆ. ಓಲಾ, ಊಬರ್, ಡೆಲಿವರಿ ಓಡಿಸುವವರಿಗೆ ಹತ್ತು ಸಾವಿರ ದೊಡ್ಡದೇ, ಆದರೆ ಆರು ತಿಂಗಳ ದುಡಿಮೆ ಅದಕ್ಕಿಂತ ದೊಡ್ಡದು.

"ಒಂದೇ ಬಿಯರ್ ಸರ್." ಇದನ್ನೂ ಬಹಳ ಕೇಳುತ್ತೇನೆ. ಲೆಕ್ಕ ಹಾಕೋಣ. 650 ಎಂಎಲ್ ಬಾಟಲಿ, ಶೇ. 5ರ ಮೈಲ್ಡ್ ಬಿಯರ್ ಅಂದುಕೊಳ್ಳಿ. ಅದರಲ್ಲಿ ಸುಮಾರು 25 ಗ್ರಾಂ ಆಲ್ಕೋಹಾಲ್ ಇರುತ್ತದೆ. 70 ಕೆಜಿ ತೂಕದ ಗಂಡಸಿನ ರಕ್ತದಲ್ಲಿ ಅದು 50 ಮಿಲಿಗ್ರಾಂ ಆಸುಪಾಸಿಗೆ ಹೋಗಬಹುದು. ಸ್ಟ್ರಾಂಗ್ ಬಿಯರ್ ಆದರೆ ಇನ್ನೂ ಮೇಲೆ. ವಿಸ್ಕಿಯಲ್ಲಿ 60 ಎಂಎಲ್‌ನ ಒಂದು ಪೆಗ್‌ಗೇ 40 ದಾಟುತ್ತದೆ, ನೈಂಟಿ ಹೊಡೆದರೆ ಕೇಳುವುದೇ ಬೇಡ. ಹೆಂಗಸರಿಗೂ ತೂಕ ಕಡಿಮೆ ಇರುವವರಿಗೂ ಸಂಖ್ಯೆ ಬೇಗ ಏರುತ್ತದೆ. ಇಳಿಯುವುದು ಮಾತ್ರ ನಿಧಾನ, ಗಂಟೆಗೆ ಸುಮಾರು 15 ಮಿಲಿಗ್ರಾಂ. ಕಾಫಿ, ಮಜ್ಜಿಗೆ, ನಿಂಬೆಹಣ್ಣು ಯಾವುದರಿಂದಲೂ ಅದು ಬೇಗ ಇಳಿಯುವುದಿಲ್ಲ. ಅದಕ್ಕೇ ಬೆಳಿಗ್ಗೆ ಹೊತ್ತು ಶಾಲಾ ವಾಹನದ ಚಾಲಕರನ್ನು ಊದಿಸಿದಾಗಲೂ ಕೆಲವರು ಸಿಗುತ್ತಾರೆ, ಕುಡಿದದ್ದು ಹಿಂದಿನ ರಾತ್ರಿ ಇರಬಹುದು.

ಹಾಗಾದರೆ ವಾದ ಮಾಡಲು ಏನೂ ಇಲ್ಲವೇ? ಇದೆ. ಇಡೀ ಕೇಸು ಒಂದು ಮಷಿನ್ ಮೇಲೆ ನಿಂತಿರುತ್ತದೆ, ಹಾಗಾಗಿ ನಾನು ಮೊದಲು ಕೇಳುವುದು ಊದಿದ ಮೇಲೆ ಅದರಿಂದ ಬಂದ ರೀಡಿಂಗ್ ಸ್ಲಿಪ್ ಅನ್ನೇ. ದಿನಾಂಕ, ಸಮಯ, ಮಷಿನ್ ನಂಬರ್ ಸರಿಯಾಗಿವೆಯೇ? ನಿಮಗೆ ಊದಿಸುವ ಮುಂಚೆ ಮಷಿನ್ ಸೊನ್ನೆ ತೋರಿಸಿತ್ತೇ? ಹಿಂದಿನವನು ಊದಿದ ಪೈಪ್ ಬದಲಾಯಿಸಿದರೇ? ಕ್ಯಾಲಿಬ್ರೇಷನ್ ಯಾವಾಗ ಆಗಿದೆ? ಉಸಿರಿನ ಪರೀಕ್ಷೆ ಅಂದರೆ ಕೇಂದ್ರ ಸರ್ಕಾರ ಒಪ್ಪಿದ ಮಾದರಿಯ ಮಷಿನ್‌ನಲ್ಲಿ ಮಾಡಿದ್ದು ಎಂದು ಕಾಯ್ದೆಯಲ್ಲೇ ಇದೆ, ಆ ದಾಖಲೆಯನ್ನು ಪ್ರಾಸಿಕ್ಯೂಷನ್ ತೋರಿಸಬೇಕು. ರೀಡಿಂಗ್ 150 ಬಂದವರಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ, ಅವರಿಗೆ ನಾನು ಹಾಗೆಂದೇ ಹೇಳುತ್ತೇನೆ. 34, 38 ಬಂದವರ ಕೇಸಿನಲ್ಲಿ ಮಾತ್ರ ಪಾಟಿ ಸವಾಲಿಗೆ ಜೀವ ಬರುತ್ತದೆ. ಮಷಿನ್ ಅಳೆಯುವುದು ಉಸಿರನ್ನು, ಅದರಿಂದ ರಕ್ತದ ಲೆಕ್ಕ ಕಟ್ಟುತ್ತದೆ, ಅಷ್ಟೇ.

ಕೆಮ್ಮಿನ ಸಿರಪ್, ಹೋಮಿಯೋಪತಿ ಹನಿ, ಮೌತ್‌ವಾಷ್ ಕಥೆಗಳು ದಿನಾ ಬರುತ್ತವೆ. ಎಲ್ಲಿಂದ ಬಂದ ಆಲ್ಕೋಹಾಲ್ ಎಂದು ಕಾನೂನು ಕೇಳುವುದಿಲ್ಲ, ರಕ್ತದಲ್ಲಿ ಎಷ್ಟಿದೆ ಎಂದಷ್ಟೇ ಕೇಳುತ್ತದೆ. ಆದರೆ ಬಾಯಲ್ಲಿ ಉಳಿದ ಆಲ್ಕೋಹಾಲ್‌ನಿಂದ ರೀಡಿಂಗ್ ತಪ್ಪಾಗಿ ಏರಬಹುದು ಎಂಬುದು ನಿಜ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದು ಹೋಗುತ್ತದೆ. ಹಾಗಾಗಿ ನಿಜವಾಗಿಯೂ ಕುಡಿದಿಲ್ಲದಿದ್ದರೆ ಅಲ್ಲೇ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಊದಿಸಲು ಕೇಳಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಕೇಳಿ, ಕೇಳಿದ್ದನ್ನು ಸಹಿ ಮಾಡುವ ಕಾಗದದ ಮೇಲೆಯೇ ಬರೆಯಿರಿ. ಮೂರು ಗಂಟೆ ಬಿಟ್ಟು ಸ್ವಂತ ಖರ್ಚಲ್ಲಿ ಮಾಡಿಸಿದ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ, ಅಷ್ಟೊತ್ತಿಗೆ 45 ಮಿಲಿಗ್ರಾಂ ತಾನಾಗೇ ಇಳಿದಿರುತ್ತದೆ.

ಇಂಟರ್ನೆಟ್‌ನಲ್ಲಿ ಓಡಾಡುವ ಇನ್ನೊಂದು ಉಪಾಯ: "ಊದಬೇಡಿ, ಊದದಿದ್ದರೆ ಸಾಕ್ಷಿ ಇಲ್ಲ." ದಡ್ಡತನ. ಕುಡಿದಿದ್ದೀರಿ ಎಂಬ ಅನುಮಾನಕ್ಕೆ ಕಾರಣವಿದ್ದು ನೀವು ಊದಲು ಒಪ್ಪದಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಸೆಕ್ಷನ್ 205ರ ಪ್ರಕಾರ, ಸರಿಯಾದ ಕಾರಣ ತೋರಿಸದಿದ್ದರೆ, ಆ ನಿರಾಕರಣೆಯನ್ನೇ ಕೋರ್ಟ್ ನಿಮ್ಮ ವಿರುದ್ಧ ಬಳಸಬಹುದು. ಅಲ್ಲಿ ಜಗಳ ಆಡಿ, ಯೂನಿಫಾರ್ಮ್ ಹಿಡಿದೆಳೆದು, ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿ ಎಂಬ ಕೇಸನ್ನೂ ಹಾಕಿಸಿಕೊಂಡವರಿದ್ದಾರೆ. ಡಿಡಿ ಕೇಸಿಗೆ ಜಾಮೀನು ನಿಮ್ಮ ಹಕ್ಕು, ಆ ಇನ್ನೊಂದು ಕೇಸಿಗೆ ಹಾಗಿಲ್ಲ.

ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡಬೇಕು. ಬಿಡಬೇಕು ಅಂದರೆ ಕೇಸು ಬಿದ್ದುಹೋಯಿತು ಅಂತಲ್ಲ. ನೋಟಿಸ್ ಕೊಟ್ಟು ಮನೆಗೆ ಕಳಿಸಿದ್ದರೆ ಈ ವಾದ ಎತ್ತಲೇಬೇಡಿ.

ಓಡಿಸುತ್ತಿದ್ದದ್ದು ನೀವೇ ಎಂಬುದನ್ನೂ ಸಾಬೀತು ಮಾಡಬೇಕು. ನಿಂತ ಕಾರಿನ ಹಿಂದಿನ ಸೀಟಲ್ಲಿ ಮಲಗಿದ್ದವರ ಮೇಲೆ 185 ನಿಲ್ಲುವುದು ಕಷ್ಟ. ಸ್ಟೀರಿಂಗ್ ಹಿಡಿದು ಇಂಜಿನ್ ಆನ್ ಮಾಡಿದ್ದರೆ "ಓಡಿಸಲು ಹೊರಟಿದ್ದರು" ಎಂಬುದು ಸುಲಭ. ಕುಡಿದ ಗೆಳೆಯನ ಕೈಗೆ ಬೇಕೆಂದೇ ಕೀ ಕೊಟ್ಟವರೂ ಹುಷಾರಾಗಿರಿ, ಪ್ರಚೋದನೆಗೂ ಅದೇ ಶಿಕ್ಷೆ ಎಂದು ಸೆಕ್ಷನ್ 188 ಹೇಳುತ್ತದೆ.

ವಾಸನೆ ಬರುತ್ತಿತ್ತು, ತೂರಾಡುತ್ತಿದ್ದರು ಎಂಬುದಷ್ಟರಿಂದ ಕುಡಿದಿದ್ದರು ಎಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ, ಬಚುಭಾಯಿ ಕರಿಯಾನಿ ಪ್ರಕರಣದಲ್ಲಿ ಹೇಳಿದೆ. ಪರೀಕ್ಷೆಯೇ ಆಗದ ಕೇಸುಗಳಲ್ಲಿ ಇದು ಕೈ ಹಿಡಿಯುತ್ತದೆ. ಆದರೆ ಇದೇ ಮಾತನ್ನು ಇನ್ಶೂರೆನ್ಸ್ ಕಂಪನಿ ಮುಂದೆ ಹೇಳಲು ಹೋಗಬೇಡಿ. ದೆಹಲಿಯಲ್ಲಿ ಅಪಘಾತವಾದ ಪೋರ್ಶೆ ಕಾರೊಂದರ ಕೇಸಿನಲ್ಲಿ, 2021ರಲ್ಲಿ, ಅದೇ ಸುಪ್ರೀಂ ಕೋರ್ಟ್ ಬೇರೆ ದಾರಿ ಹಿಡಿಯಿತು: ಉಸಿರು, ರಕ್ತ ಪರೀಕ್ಷೆ ಆಗಿಲ್ಲದಿದ್ದರೂ ಉಳಿದ ಸಂದರ್ಭಗಳಿಂದ ಅಮಲಿನಲ್ಲಿ ಓಡಿಸಿದ್ದು ಗೊತ್ತಾದರೆ ಕಂಪನಿ ಕ್ಲೇಮ್ ನಿರಾಕರಿಸಬಹುದು. ಅಂದರೆ ಮೇಯೋ ಹಾಲ್‌ನಲ್ಲಿ ನೀವು ಗೆದ್ದರೂ ನಜ್ಜುಗುಜ್ಜಾದ ಕಾರಿನ ಬಿಲ್ ನಿಮ್ಮ ತಲೆ ಮೇಲೆಯೇ ಬರಬಹುದು. ಬೇರೆಯವರಿಗೆ ಪೆಟ್ಟಾಗಿದ್ದರೆ, ಅವರಿಗೆ ಪರಿಹಾರ ಕೊಟ್ಟ ಕಂಪನಿ ಅದನ್ನು ಆಮೇಲೆ ಗಾಡಿ ಮಾಲೀಕರಿಂದ ವಸೂಲಿ ಮಾಡಲಿ ಎಂದು ಕೋರ್ಟುಗಳು ಹೇಳುವುದೂ ಉಂಟು.

ಯಾರಾದರೂ ಸತ್ತರೆ ಇದು ಟ್ರಾಫಿಕ್ ಕೇಸಾಗಿ ಉಳಿಯುವುದೇ ಇಲ್ಲ. ಮುಂಬೈನ ಕಾರ್ಟರ್ ರೋಡ್‌ನಲ್ಲಿ 2006ರಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹತ್ತಿಸಿ ಏಳು ಜನರ ಸಾವಿಗೆ ಕಾರಣನಾದ ಅಲಿಸ್ಟರ್ ಪರೇರಾ ಮೇಲಿನ ಆರೋಪ ಬರೀ ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ನರಹತ್ಯೆ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂಥ ಕೇಸು ತಂದವರಿಗೆ ಸ್ಲಿಪ್, ಪೈಪ್ ಎಂದು ಮಾತಾಡುವುದೇ ವ್ಯರ್ಥ.

ಕೊನೆಗೆ, ಡಿಎಲ್ ಅಮಾನತಾದವರು ಮಾಡುವ ಕೆಲಸ. "ಹಾಲು ತರೋಕೆ ಮೂಲೆ ಅಂಗಡಿವರೆಗೆ ಅಷ್ಟೇ ಸರ್" ಎಂದು ಸ್ಕೂಟರ್ ತೆಗೆಯುತ್ತಾರೆ. ಸೆಕ್ಷನ್ 182ರಲ್ಲಿ ಇದಕ್ಕೆ ಮೂರು ತಿಂಗಳವರೆಗೆ ಜೈಲು, ಅಥವಾ 10,000 ದಂಡ, ಅಥವಾ ಎರಡೂ. ಆಗ ಕುಡಿದಿರಬೇಕೆಂದೇನೂ ಇಲ್ಲ.