ಪದ ಪರಿಚಯ: ಸಾರತೈಲ (‘ಅಗತ್ಯ ತೈಲ’ವಲ್ಲ)

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ತಂದ 10 ಮಿ.ಲೀ.ನ ಕಂದು ಬಾಟಲಿಯೊಂದನ್ನು ಪಕ್ಕದ ಮನೆಯ ಸೊಸೆ ಕಳೆದ ವಾರ ನನಗೆ ತೋರಿಸಿದಳು. ಅದರ ಚೀಟಿಯ ಮೇಲೆ ‘100% ಶುದ್ಧ ನೀಲಗಿರಿ ಅಗತ್ಯ ತೈಲ’ ಎಂದಿತ್ತು. ಅವಳ ನಾಲ್ಕು ತಿಂಗಳ ಕೂಸಿಗೆ ನೆಗಡಿಯಾಗಿತ್ತು. “ಕಾಕಾ, ಅಗತ್ಯ ಅಂತ ಅವರ ಬರದಾರಲ್ರಿ, ಎದಿಗೆ ಹಚ್ಚದ ಬಿಟ್ರ ಹ್ಯಾಂಗ್ರಿ?” ಎಂದು ಕೇಳಿದಳು. ಓದಿದ್ದನ್ನು ಅವಳು ಸರಿಯಾಗಿಯೇ ಓದಿದ್ದಳು, ತಪ್ಪಿದವನು ಅನುವಾದಕ. ಈ ‘ಅಗತ್ಯ ತೈಲ’ವನ್ನು ಜಾಹೀರಾತಿನಲ್ಲಿ, ಆರೋಗ್ಯ ಅಂಕಣದಲ್ಲಿ, ಮೊಬೈಲಿಗೆ ಬರುವ ಸಂದೇಶದಲ್ಲಿ ಕಂಡು ಕಂಡು ನನಗೂ ಸಾಕಾಗಿದೆ.

ಇಂಗ್ಲಿಷಿನ ‘ಎಸೆನ್ಶಿಯಲ್’ ಎಂಬುದಕ್ಕೆ ಎರಡು ಅರ್ಥಗಳಿವೆ. ‘ಎಸೆನ್ಶಿಯಲ್ ಫ್ಯಾಟಿ ಆಸಿಡ್’ ಎನ್ನುವಾಗ, ದೇಹವು ತಾನೇ ತಯಾರಿಸಿಕೊಳ್ಳಲಾರದ್ದರಿಂದ ಆಹಾರದ ಮೂಲಕ ಸಿಗಲೇಬೇಕಾದದ್ದು ಎಂಬ ಅರ್ಥವಿದೆ. ಅದನ್ನು ‘ಅಗತ್ಯ ಮೇದಾಮ್ಲ’ ಎಂದರೆ ಯಾರ ತಕರಾರೂ ಇಲ್ಲ. ‘ಎಸೆನ್ಶಿಯಲ್ ಆಯಿಲ್’ನ ವಂಶವೇ ಬೇರೆ. ಅದರ ಮೂಲ ಲ್ಯಾಟಿನ್ನಿನ ‘ಎಸೆನ್ಷಿಯಾ’. ಅದಕ್ಕೂ ಹಿಂದೆ ‘ಇರು’ ಎಂಬರ್ಥದ ‘ಎಸ್ಸೆ’ ಎಂಬ ಧಾತು. ನಾಲ್ಕು ಭೂತಗಳಾಚೆ ಐದನೆಯದೊಂದು ತತ್ತ್ವವಿದೆಯೆಂದು ನಂಬಿದ್ದ ಯುರೋಪಿನ ರಸವಾದಿಗಳು ಅದನ್ನು ‘ಕ್ವಿಂಟಾ ಎಸೆನ್ಷಿಯಾ’, ಅಂದರೆ ‘ಐದನೆಯ ಸಾರ’ ಎಂದು ಕರೆದರು. ಗಿಡದ ಗುಣವೆಲ್ಲ ಈ ಸಾರದಲ್ಲಿಯೇ ಅಡಗಿದೆ, ಅದನ್ನು ಬೇರ್ಪಡಿಸಿ ಹಿಡಿಯಬಹುದು ಎಂಬ ವಿಚಾರವನ್ನು 16ನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ಬೆಳೆಸಿದನು. ಆದ್ದರಿಂದ ಇದು ಸಾರದ ಎಣ್ಣೆ, ‘ಸಾರತೈಲ’. ಬೇಕರಿಯವರು ಕೇಕಿಗೆ ಹಾಕುವ ‘ಎಸೆನ್ಸು’ ನಮಗೆಲ್ಲ ಗೊತ್ತಿದ್ದರೂ ಅದೇ ಪದಕ್ಕೆ ಬಾಲ ಬಂದೊಡನೆ ಅದು ‘ಅಗತ್ಯ’ವಾಗಿಬಿಡುವುದು ವಿಚಿತ್ರ. ‘ಸುಗಂಧ ತೈಲ’ ಎಂದರೂ ನಡೆಯುತ್ತದೆ, ಆದರೆ ಅತ್ತರಿನಂಗಡಿಯವರು ಆ ಹೆಸರನ್ನು ಕಂಡ ಕಂಡದ್ದಕ್ಕೆಲ್ಲ ಬಳಸಿ ಸವೆಸಿದ್ದಾರೆ.

ಮೊದಲ ಪದ ಸರಿಹೋದರೂ ಎರಡನೆಯದರ ತೊಡಕು ಉಳಿಯುತ್ತದೆ. ‘ಎಣ್ಣೆ’ ಎಂದರೆ ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು; ‘ತೈಲ’ವೂ ಸಂಸ್ಕೃತದ ‘ತಿಲ’ದಿಂದ, ಅಂದರೆ ಎಳ್ಳಿನಿಂದಲೇ ಬಂದದ್ದು. ಎರಡು ಪದಗಳಲ್ಲಿಯೂ ಜಿಡ್ಡಿನ ನೆನಪಿದೆ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ನಮ್ಮ ಮನೆಗಳಲ್ಲಿ ಎಣ್ಣೆಯೆಂದರೆ ಮೈಗೆ ಹಿತವಾದದ್ದು ಎಂಬ ಭಾವನೆ ಸಹಜವಾಗಿಯೇ ಬೇರೂರಿದೆ. ಸಾರತೈಲದಲ್ಲಿ ಆ ಜಿಡ್ಡೇ ಇಲ್ಲ. ಆ ದಿನ ನಾನು ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆಯನ್ನೂ ಅದರ ಪಕ್ಕದಲ್ಲಿ ಒಂದು ಹನಿ ನೀಲಗಿರಿಯನ್ನೂ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಸಂಜೆಯ ಹೊತ್ತಿಗೆ ಕೊಬ್ಬರಿ ಎಣ್ಣೆಯ ಕಲೆ ಬೆಳಕು ಹಾಯುವಂತೆ ಹರಡಿತ್ತು. ನೀಲಗಿರಿಯ ಹನಿ ಬಿದ್ದಿದ್ದ ಜಾಗ ಬರಿಯ ಕಾಗದವಾಗಿತ್ತು, ವಾಸನೆ ಮಾತ್ರ ಕೋಣೆಯ ತುಂಬ ಇತ್ತು. ಹೀಗೆ ಆವಿಯಾಗಿ ಹೋಗುವುದೇ ಇದರ ಲಕ್ಷಣ. ಇದನ್ನು ಗಾಣದಲ್ಲಿ ಅರೆದು ತೆಗೆಯುವುದಿಲ್ಲ, ಹೆಚ್ಚಾಗಿ ಹಬೆಯಲ್ಲಿ ಬಟ್ಟಿ ಇಳಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯಿಂದ ದ್ರಾವಕ ಬಳಸಿ ತೆಗೆಯುವ ಕೆಂಪು ಬಣ್ಣದ ಓಲಿಯೋರೆಸಿನ್ ಎಂಬ ಗಟ್ಟಿ ರಸ ಕೂಡ ಸಾರತೈಲವಲ್ಲ. ಮೆಣಸಿನಕಾಯಿಯ ಬಣ್ಣವೂ ಖಾರವೂ ಹಬೆಯೊಡನೆ ಏಳುವಂಥವಲ್ಲ.

‘ನಿಸರ್ಗದ್ದೇ ಅಲ್ಲವೇ’ ಎಂಬ ವಾದಕ್ಕೆ ಹಾವೇರಿಯ ಏಲಕ್ಕಿ ಹಾರವೇ ಉತ್ತರ. ಆ ಹಾರ ಬೀರುವ ಕಂಪೂ ಸಾರತೈಲದ್ದೇ, ಮತ್ತು ಅದರ ಮುಖ್ಯ ಘಟಕಗಳಲ್ಲೊಂದಾದ ಸಿನಿಯೋಲ್ ನೀಲಗಿರಿಯಲ್ಲಿಯೂ ಇದೆ. ಆದರೆ ಏಲಕ್ಕಿಯ ಕಾಯಿಯಲ್ಲಿ ಸಾರತೈಲದ ಪಾಲು ನೂರರಲ್ಲಿ ಕೆಲವೇ ಭಾಗವಾದರೆ, ಔಷಧ ದರ್ಜೆಯ ನೀಲಗಿರಿ ತೈಲದಲ್ಲಿ ಸಿನಿಯೋಲ್ ಒಂದೇ ಶೇ. 70ಕ್ಕಿಂತ ಹೆಚ್ಚಿರುತ್ತದೆ. ಹೀಗಾಗಿ ಬಾಟಲಿಯ ಮೇಲಿನ ‘ಶುದ್ಧ’ ಎಂಬ ಮಾತನ್ನು ಭರವಸೆಯೆಂದಲ್ಲ, ಎಚ್ಚರಿಕೆಯೆಂದು ಓದಬೇಕು. ಒಂದು ಚಮಚೆಯಷ್ಟು, ಅಂದರೆ 5 ಮಿ.ಲೀ. ನೀಲಗಿರಿ ತೈಲ ಹೊಟ್ಟೆಗೆ ಹೋದರೆ ಸಣ್ಣ ಮಗುವಿಗೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಕರ್ಪೂರದಿಂದಲೂ ಫಿಟ್ಸ್ ಬರುವುದುಂಟು. ಪುದೀನದ ಸಾರದಲ್ಲಿರುವ ಮೆಂಥಾಲನ್ನು ಕೂಸಿನ ಮೂಗಿನ ಬಳಿ ಹಚ್ಚಿದರೆ ಗಂಟಲು ಬಿಗಿದು ಉಸಿರು ನಿಲ್ಲುವ ಅಪಾಯವಿದೆ. ಕೀಲುನೋವಿಗೆ ಹಚ್ಚುವ ಗಂಧಪುರ ತೈಲವು ಬಹುತೇಕ ಆಸ್ಪಿರಿನ್ನಿನ ಬಳಗದ ಮೀಥೈಲ್ ಸ್ಯಾಲಿಸಿಲೇಟೇ ಆಗಿದ್ದು, ಅದರ ಒಂದು ಚಮಚೆಯು 325 ಮಿ.ಗ್ರಾಂ.ನ ಸುಮಾರು 20 ಆಸ್ಪಿರಿನ್ ಗುಳಿಗೆಗಳಿಗೆ ಸಮ. ಇಂಥ ಬಾಟಲಿಯನ್ನು ಕೂಸಿನ ವಿಟಮಿನ್ ಹನಿಗಳ ಬಾಟಲಿಯ ಪಕ್ಕದಲ್ಲಿಡುವ ಮನೆಗಳನ್ನು ನಾನು ಕಂಡಿದ್ದೇನೆ. ಎರಡೂ ಕಂದು, ಎರಡಕ್ಕೂ ಹನಿ ಹಾಕುವ ಮುಚ್ಚಳ.

ಎರೆಯುವ ಬಕೀಟಿನ ನೀರಿಗೆ ನಾಲ್ಕು ಹನಿ ಹಾಕಿದರೆ ತೆಳುವಾಗುತ್ತದೆ ಎಂಬುದೂ ಸುಳ್ಳು. ಸಾರತೈಲ ನೀರಿನಲ್ಲಿ ಕರಗದೆ ಹೆಚ್ಚಾಗಿ ಮೇಲೆ ತೇಲುತ್ತದೆ ಮತ್ತು ಹಾಗೆಯೇ ಮೈಗೆ ಅಂಟುತ್ತದೆ. ತೆಳುಮಾಡುವುದಿದ್ದರೆ ಜಿಡ್ಡಿನ ಎಣ್ಣೆಯಲ್ಲಿಯೇ ಮಾಡಬೇಕು, ಅದೂ ದೊಡ್ಡವರ ಬಳಕೆಗೆ. ಮೂರು ತಿಂಗಳೊಳಗಿನ ಕೂಸಿಗೆ ಯಾವ ಸಾರತೈಲವೂ ಬೇಡ. ಅದಕ್ಕಿಂತ ದೊಡ್ಡ ಮಗುವಿಗೆ ವೈದ್ಯರನ್ನು ಕೇಳದೆ ಹಚ್ಚುವುದು ಬೇಡ.

ಸಾಕುಪ್ರಾಣಿಗಳ ವಿಷಯದಲ್ಲಿ ಬೆಕ್ಕಿನದು ಬೇರೆಯೇ ಕತೆ. ನಮ್ಮ ಯಕೃತ್ತು ಫೀನಾಲ್ ಜಾತಿಯ ವಸ್ತುಗಳಿಗೆ ಗ್ಲುಕುರೋನಿಕ್ ಆಮ್ಲವನ್ನು ಜೋಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರ ಕಡಿಮೆ. ಲವಂಗದ ಯೂಜೆನಾಲ್, ಅಜವಾನದ ಥೈಮಾಲ್ ಇವೆಲ್ಲ ಫೀನಾಲುಗಳೇ. ಸಾರತೈಲವನ್ನು ಕೋಣೆಯ ಗಾಳಿಗೆ ಹರಡುವ ಡಿಫ್ಯೂಸರ್ ಯಂತ್ರದಿಂದ ಹಾರಿದ ಸಣ್ಣ ಹನಿಗಳು ತುಪ್ಪಳದ ಮೇಲೆ ಕೂಡುತ್ತವೆ, ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ ಅದನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಚಿಗಟಕ್ಕೆಂದು ನಾಯಿ, ಬೆಕ್ಕುಗಳ ಮೈಗೆ ಟೀ ಟ್ರೀ ತೈಲವನ್ನು ಹಾಗೆಯೇ ಸವರುವವರಿದ್ದಾರೆ. ಅದರಿಂದ ಜೊಲ್ಲು ಸುರಿಯುವುದು, ಮೈ ನಡುಗುವುದು, ಹಿಂಗಾಲು ಸೋಲುವುದು ಕಂಡರೆ ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಮೈ ತೊಳೆದು ತಕ್ಷಣ ಪಶುವೈದ್ಯರ ಬಳಿಗೆ ಒಯ್ಯಬೇಕು. ಪಂಜರದ ಹಕ್ಕಿ ಇರುವ ಕೋಣೆಯಲ್ಲಿ ಡಿಫ್ಯೂಸರನ್ನು ಹಚ್ಚಲೇಬಾರದು.

ಪಕ್ಕದ ಮನೆಯವಳಿಗೆ ಇಷ್ಟನ್ನೆಲ್ಲ ಹೇಳುವ ಅವಶ್ಯಕತೆ ಬೀಳಲಿಲ್ಲ. ನಮ್ಮ ಕಡೆ ಸೀಮೆಎಣ್ಣೆಯನ್ನು ಚಿಮಣಿ ಎಣ್ಣಿ ಎನ್ನುತ್ತಾರೆ. “ಅದೂ ಎಣ್ಣಿನ, ಅದನ್ನ ಕೂಸಿಗೆ ಹಚ್ಚತೀಯೇನವಾ?” ಎಂದು ಕೇಳಿದೆ. ಅವಳು ಬಾಟಲಿಯ ಮುಚ್ಚಳವನ್ನು ಬಿಗಿಮಾಡಿದಳು. ನುಂಗಿದಾಗಿನ ಎಚ್ಚರಿಕೆಯೂ ಎರಡಕ್ಕೂ ಒಂದೇ: ವಾಂತಿ ಮಾಡಿಸಬಾರದು, ಮೇಲೆ ಬರುವಾಗ ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಬಾಟಲಿಯನ್ನು ಕೈಯಲ್ಲಿಯೇ ಹಿಡಿದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಬೇಕು.