ಕನಿಕರದ ಚಪ್ಪಾಳೆ, ಆಟದ ಚಪ್ಪಾಳೆ

2019ರ ಆಗಸ್ಟ್. ಅಮೆರಿಕದ ವಿನ್‌ಸ್ಟನ್-ಸೇಲಂ ಟೆನಿಸ್ ಟೂರ್ನಿಯ ಮೊದಲ ಸುತ್ತಿನಲ್ಲಿ ದಕ್ಷಿಣ ಕೊರಿಯಾದ ಲೀ ಡಕ್-ಹೀ ಅವರು ಸ್ವಿಟ್ಜರ್ಲೆಂಡಿನ ಹೆನ್ರಿ ಲಾಕ್ಸೊನೆನ್ ಅವರನ್ನು 7-6, 6-1ರಿಂದ ಸೋಲಿಸಿದರು. ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘ) ಟೂರ್ನಿಯ ಮುಖ್ಯ ಸುತ್ತಿನಲ್ಲಿ ಕಿವುಡ ಆಟಗಾರರೊಬ್ಬರು ಗೆದ್ದದ್ದು ಅದೇ ಮೊದಲು. ಚಪ್ಪಾಳೆ ಗ್ಯಾಲರಿಯಲ್ಲಿದ್ದವರಿಗೆಲ್ಲ ಕೇಳಿಸಿತು, ಗೆದ್ದವರೊಬ್ಬರನ್ನು ಬಿಟ್ಟು.

ಟೆನಿಸ್‌ಗೆ ಕಿವಿ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಚೆಂಡು ರ್‍ಯಾಕೆಟ್‌ಗೆ ತಗುಲಿದ ಸದ್ದಿನಲ್ಲೇ ಅರ್ಧ ಸುದ್ದಿ ಇರುತ್ತದೆ. ತಂತಿಗಳ ನಟ್ಟನಡುವೆ ಬಿತ್ತೋ, ಅಂಚಿಗೆ ತಾಗಿತೋ, ಸ್ಪಿನ್ ಮಾಡಲು ಸವರಿದ್ದೋ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಆಡಿದರೆ ತಮಗೂ ಭಾರಿ ಕಷ್ಟ ಎಂಬರ್ಥದಲ್ಲಿ ಬ್ರಿಟನ್ನಿನ ಆಟಗಾರ ಆ್ಯಂಡಿ ಮರ್‍ರೆ ಹೇಳಿದ್ದುಂಟು. ಲೀ ಆ ಕೊರತೆಯನ್ನು ಎದುರಾಳಿಯ ಭುಜ, ಮಣಿಕಟ್ಟು ನೋಡಿಯೇ ತುಂಬಿಕೊಳ್ಳಬೇಕಿತ್ತು. 2017ರಲ್ಲಿ ಅವರ ರ್‍ಯಾಂಕಿಂಗ್ 130ಕ್ಕೆ ಏರಿತ್ತು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಬಂತು. ಆದರೂ ಕೆಲವರು ಅವರನ್ನು ಗೇಲಿ ಮಾಡಿದ್ದರು, ನಿನಗೆ ಈ ಆಟ ಬೇಡ ಎಂದಿದ್ದರು.

ಇಂಥ ಕಥೆ ಹೊಸದೇನಲ್ಲ. ಆಸ್ಟ್ರಿಯಾದ ಹಾನ್ಸ್ ರೆಡ್ಲ್ ಎರಡನೇ ಮಹಾಯುದ್ಧದಲ್ಲಿ ಎಡಗೈ ಕಳೆದುಕೊಂಡರು. ಯುದ್ಧ ಮುಗಿದ ಮೇಲೆ, 1947ರ ವಿಂಬಲ್ಡನ್‌ನಲ್ಲಿ ನಾಲ್ಕನೇ ಸುತ್ತು ತಲುಪಿದರು. ಒಂದೇ ಕೈಯಲ್ಲಿ ಸರ್ವ್ ಮಾಡುವುದು ಹೇಗೆ? ಚೆಂಡನ್ನು ರ್‍ಯಾಕೆಟ್ ಮೇಲೇ ಇಟ್ಟು ಮೇಲಕ್ಕೆ ಚಿಮ್ಮಿಸಿ, ಅದು ಇಳಿಯುವುದರೊಳಗೆ ರ್‍ಯಾಕೆಟ್ ಹಿಂದಕ್ಕೆಳೆದು ಬಾರಿಸುವುದು. ಮನೆಯ ಅಂಗಳದಲ್ಲಿ ಒಮ್ಮೆ ಪ್ರಯತ್ನಿಸಿ, ಗೊತ್ತಾಗುತ್ತದೆ. ಒಂದೇ ಕೈ ಬಳಸಬಲ್ಲ ಆಟಗಾರ ಹೀಗೆ ಮಾಡಬಹುದು ಎಂಬ ಸಾಲು ಇವತ್ತಿಗೂ ನಿಯಮದಲ್ಲಿದೆ. ಗಾಲಿಕುರ್ಚಿಯ ಆಟಗಾರರು ನಿಂತು ಆಡುವವರ ಜತೆ ಅಥವಾ ಎದುರು ಆಡಿದರೆ ಅವರ ಕಡೆ ಚೆಂಡು ಎರಡು ಸಲ ಪುಟಿಯಬಹುದು, ನಿಂತವರ ಕಡೆ ಒಂದೇ ಸಲ. ನಿಯಮ ಕೊಟ್ಟ ರಿಯಾಯಿತಿ ಹೆಚ್ಚುಕಡಿಮೆ ಇಷ್ಟೇ.

ಪ್ರೇಕ್ಷಕರ ಲೆಕ್ಕ ಬೇರೆ. 1961ರ ವಿಂಬಲ್ಡನ್ ಮಹಿಳಾ ಫೈನಲ್‌ನಲ್ಲಿ ಇಬ್ಬರೂ ಬ್ರಿಟಿಷರು. ಜನರ ಕಣ್ಮಣಿ 20ರ ಹರೆಯದ ಕ್ರಿಸ್ಟೀನ್ ಟ್ರೂಮನ್. ಎದುರಿಗಿದ್ದ ಆ್ಯಂಜೆಲಾ ಮಾರ್ಟಿಮರ್ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಂತ ಗ್ಯಾಲರಿ ಅವರ ಕಡೆ ವಾಲಲಿಲ್ಲ. 4-6, 6-4, 7-5ರಿಂದ ಗೆದ್ದದ್ದು ಮಾರ್ಟಿಮರ್. ಗದ್ದಲ ಕಿವಿಗೆ ಬೀಳದ್ದರಿಂದ ಗಮನ ಕದಡಲಿಲ್ಲ ಎಂದು ಅವರು ಮುಂದೆ ನೆನೆದರು. ನನಗೆ ಆ ಫೈನಲ್ ಇಷ್ಟವಾಗುವುದು ಇದಕ್ಕೇ: ಅಲ್ಲಿ ಯಾರೂ ಅವರ ಮೇಲೆ ಕನಿಕರ ತೋರಲಿಲ್ಲ, ಎದುರಾಳಿಯೆಂದೇ ಲೆಕ್ಕಕ್ಕೆ ತೆಗೆದುಕೊಂಡರು.

60 ವರ್ಷಗಳ ನಂತರ ಬ್ರಿಟನ್ನಿನವರೇ ಆದ ಫ್ರಾನ್ಸೆಸ್ಕಾ ಜೋನ್ಸ್ ಅರ್ಹತಾ ಸುತ್ತು ಗೆದ್ದು 2021ರ ಆಸ್ಟ್ರೇಲಿಯನ್ ಓಪನ್‌ಗೆ ಬಂದರು. ಹುಟ್ಟಿನಿಂದ ಪ್ರತಿ ಕೈಗೆ ಮೂರು ಬೆರಳು, ಒಂದು ಹೆಬ್ಬೆರಳು, ಕಾಲ್ಬೆರಳು ಏಳೇ. ರ್‍ಯಾಕೆಟ್ ಹಗುರ, ಹಿಡಿ ಸಣ್ಣದು. ಎಂಟನೇ ವಯಸ್ಸಿನಲ್ಲೇ ವೈದ್ಯರು ವೃತ್ತಿಪರ ಟೆನಿಸ್ ಆಗದು ಎಂದಿದ್ದರು. ಸುದ್ದಿಮನೆಗಳು ಆಗ ಎಣಿಸಿದ್ದು ಬೆರಳನ್ನೇ. 2025ರಲ್ಲಿ ಜೋನ್ಸ್ ಅಗ್ರ 100ರೊಳಗೆ ಬಂದಾಗಲಾದರೂ ಫೋರ್‌ಹ್ಯಾಂಡ್ ಬಗ್ಗೆ ಮಾತಾಡಬೇಕಾಯಿತು.

ಅದೇ ವರ್ಷ ವಿಂಬಲ್ಡನ್ ಚೆಂಡು ಗೆರೆಯಾಚೆ ಬಿತ್ತೇ ಎಂದು ಹೇಳಲು 147 ವರ್ಷಗಳಿಂದ ಇದ್ದ ಲೈನ್ ಜಡ್ಜ್‌ಗಳನ್ನು ಕೈಬಿಟ್ಟು ಯಂತ್ರದ ದನಿಯನ್ನು ತಂದಿತು. ಲೈನ್ ಜಡ್ಜ್ ಕೈ ಪಕ್ಕಕ್ಕೆ ಚಾಚಿದರೆ ಚೆಂಡು ಔಟ್, ಅಂಗೈ ಕೆಳಗೆ ಮಾಡಿದರೆ ಒಳಗೆ. ಲೀಯಂಥವರು ಪಾಯಿಂಟ್ ಯಾರದೆಂದು ತಿಳಿಯುತ್ತಿದ್ದದ್ದು ಇಂಥ ಸನ್ನೆಗಳಿಂದ. ಈ ಸಲ ದೂರು ಬಂದದ್ದು ಗ್ಯಾಲರಿಯಿಂದ: ಚೆಂಡು ಹೊರಬಿತ್ತೋ ಇಲ್ಲವೋ ತಿಳಿಯುತ್ತಿಲ್ಲ ಎಂದು ಕಿವುಡ ಅಭಿಮಾನಿಗಳೇ ಹೇಳಿದರು.